ಜನಬೆಂಬಲ ಯಾರ ಲೆಕ್ಕಕ್ಕೆ? ಬಂಡಾಯ ನಿಗ್ರಹ ಸಿದ್ಧಾಂತ ನಡೆದು ಬಂದ ದಾರಿ

ಮಿಜೋ ಬೆಟ್ಟಗಳ ದಕ್ಷಿಣ ಭಾಗದಲ್ಲಿ ದಾರ್ಜೊ ಎಂಬುದೊಂದು ಹಳ್ಳಿ. 1960ರ ದಶಕದ ಉತ್ತರಾರ್ಧದಲ್ಲಿ ಒಂದು ದಿನ ಸೇನಾ ತುಕಡಿಯೊಂದು ಅಲ್ಲಿಗೆ ಬಂತು. ಗ್ರಾಮಸ್ಥರು ಹೊರಲು ಸಾಧ್ಯವಾದಷ್ಟನ್ನು ಹೊತ್ತುಕೊಂಡು ಹೊರಡಬೇಕು, ಸಂಜೆ ತಮ್ಮ ಮನೆಗಳಿಗೆ ತಾವೇ ಬೆಂಕಿ ಇಡಬೇಕು ಎಂಬುದು ತುಕಡಿಯ ಅಧಿಕಾರಿಗೆ ಬಂದಿದ್ದ ಆದೇಶ. ಮನೆಯಿಂದ ಯಾರೂ ಹೊರಬರಲಿಲ್ಲ. ಸೈನಿಕರು ಒಳನುಗ್ಗಿ ಎಲ್ಲರನ್ನೂ ಹೊರಡಿಸಬೇಕಾಯಿತು. ಆದರೂ ಬೆಂಕಿ ಇಡಲು ಒಬ್ಬನೂ ಮುಂದಾಗದಿದ್ದಾಗ ಅಧಿಕಾರಿಯೇ ಪಂಜು ಹಚ್ಚಿ ಮೊದಲ ಮನೆಯನ್ನು ಸುಟ್ಟ. ಆ ಬಳಿಕ ಗ್ರಾಮದ ಹಿರಿಯರ ಮುಂದೆ ಎರಡು ಕಾಗದಗಳನ್ನು ಇಡಲಾಯಿತು. ಬಂಡುಕೋರರ ಕಿರುಕುಳ ತಾಳಲಾರದೆ ಸೇನೆಯ ರಕ್ಷಣೆಯಲ್ಲಿ ನೆಲೆಸಲು ನಾವಾಗಿಯೇ ಕೋರಿಕೊಂಡೆವು ಎಂಬುದು ಒಂದರ ಒಕ್ಕಣೆ. ನಮ್ಮ ಊರನ್ನು ನಾವೇ ಸುಟ್ಟೆವು, ಯಾರ ಬಲವಂತವೂ ಇರಲಿಲ್ಲ ಎಂಬುದು ಇನ್ನೊಂದರದು. ಹಿರಿಯರು ಸಹಿ ಹಾಕಲು ಒಪ್ಪಲಿಲ್ಲ. ಒಂದು ತಾಸಿನ ನಂತರ ಅವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯಲಾಯಿತು. ಮೇಜಿನ ಮೇಲೆ ಗುಂಡು ತುಂಬಿದ ರಿವಾಲ್ವರ್ ಇತ್ತು. ಎಲ್ಲರೂ ಸಹಿ ಹಾಕಿದರು.

ಇದನ್ನು ಹೇಳಿದವನು ಬಂಡುಕೋರನಲ್ಲ, ಸ್ವತಃ ಆ ಸೇನಾಧಿಕಾರಿ. ದಾಖಲಿಸಿದವರು ಮಿಜೋ ಜಿಲ್ಲೆಯಲ್ಲಿ ಆಡಳಿತಾಧಿಕಾರಿಯಾಗಿದ್ದ ವಿಜೇಂದ್ರ ಸಿಂಗ್ ಜಾಫಾ. ಹಳ್ಳಿಯನ್ನು ಸುಡುವುದಷ್ಟೇ ಉದ್ದೇಶವಾಗಿದ್ದರೆ ಆ ಕಾಗದಗಳ ಅಗತ್ಯವೇ ಇರಲಿಲ್ಲ. ಜನ ತಮ್ಮ ಪರವಾಗಿದ್ದಾರೆ ಎಂದು ತೋರಿಸುವುದು ಸರ್ಕಾರಕ್ಕೆ ಏಕೆ ಅಷ್ಟು ಮುಖ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಕಳೆದ ಶತಮಾನದ ಮಧ್ಯಭಾಗದಲ್ಲಿ ರೂಪುಗೊಂಡ ಒಂದು ಯುದ್ಧ ಸಿದ್ಧಾಂತದತ್ತ ತಿರುಗಬೇಕಾಗುತ್ತದೆ. ಅದೇ ಬಂಡಾಯ ನಿಗ್ರಹ ಸಿದ್ಧಾಂತ.

ಏನಿದು ಸಿದ್ಧಾಂತ?

ಎರಡು ದೇಶಗಳ ಸೇನೆಗಳು ಎದುರಾಗುವ ಯುದ್ಧದಲ್ಲಿ ಗೆಲುವನ್ನು ವಶಪಡಿಸಿಕೊಂಡ ನೆಲದಿಂದ, ನಾಶವಾದ ಸೈನ್ಯದಿಂದ ಅಳೆಯಬಹುದು. ಬಂಡಾಯದಲ್ಲಿ ಹಾಗಲ್ಲ. ಇಲ್ಲಿ ಎದುರಾಳಿಗೆ ಸಮವಸ್ತ್ರವಿಲ್ಲ, ಕೋಟೆಯಿಲ್ಲ. ಅವನು ಹಗಲು ಹೊಲದಲ್ಲಿ ರೈತ, ರಾತ್ರಿ ಕಾಡಿನಲ್ಲಿ ಗೆರಿಲ್ಲಾ. ಅವನಿಗೆ ಅನ್ನ, ಆಶ್ರಯ, ಸುದ್ದಿ, ಹೊಸ ಹುಡುಗರು ಎಲ್ಲವೂ ದೊರೆಯುವುದು ಊರಿನಿಂದ. ಚೀನಾದ ಮಾವೊ ಜೆಡಾಂಗ್ 1937ರಲ್ಲಿ ಗೆರಿಲ್ಲಾ ಸಮರದ ಕುರಿತು ಬರೆಯುವಾಗ ಜನರನ್ನು ನೀರಿಗೂ ಹೋರಾಟಗಾರರನ್ನು ಮೀನಿಗೂ ಹೋಲಿಸಿದ್ದು ಇದೇ ಅರ್ಥದಲ್ಲಿ. ಬಂಡಾಯವನ್ನು ಹತ್ತಿಕ್ಕಲು ಹೊರಟವರು ಈ ಉಪಮೆಯನ್ನು ಬಂಡುಕೋರರಿಗಿಂತ ಹೆಚ್ಚು ಶ್ರದ್ಧೆಯಿಂದ ಓದಿದರು ಎಂದರೆ ತಪ್ಪಾಗಲಾರದು.

ಈ ಚಿಂತನೆಗೆ ಸೂತ್ರರೂಪ ಕೊಟ್ಟವರಲ್ಲಿ ಇಬ್ಬರು ಪ್ರಮುಖರು. ಒಬ್ಬರು ಮಲಯದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅಧಿಕಾರಿ ರಾಬರ್ಟ್ ಥಾಂಪ್ಸನ್. ಇನ್ನೊಬ್ಬರು ಆಲ್ಜೀರಿಯಾದ ಕಬೀಲಿಯಾ ಪ್ರದೇಶದಲ್ಲಿ 1956ರಿಂದ 1958ರವರೆಗೆ ದಳವೊಂದನ್ನು ನಡೆಸಿದ ಫ್ರೆಂಚ್ ಸೇನಾಧಿಕಾರಿ ಡೇವಿಡ್ ಗಲೂಲಾ. ಗಲೂಲಾ ಅವರ ಗ್ರಂಥ 1964ರಲ್ಲೂ ಥಾಂಪ್ಸನ್ ಅವರದು 1966ರಲ್ಲೂ ಪ್ರಕಟವಾದವು. ಯಾವುದೇ ಸಂಘರ್ಷದಲ್ಲಿ ಸರ್ಕಾರದ ಪರ ಸಕ್ರಿಯವಾಗಿ ನಿಲ್ಲುವ ಒಂದು ಚಿಕ್ಕ ಗುಂಪು, ವಿರುದ್ಧ ನಿಲ್ಲುವ ಇನ್ನೊಂದು ಚಿಕ್ಕ ಗುಂಪು, ನಡುವೆ ತಟಸ್ಥವಾದ ದೊಡ್ಡ ಸಮುದಾಯ ಇರುತ್ತದೆ ಎಂಬುದು ಗಲೂಲಾ ಅವರ ಮೂಲ ಪ್ರತಿಪಾದನೆ. ತನ್ನ ಪರ ಇರುವ ಚಿಕ್ಕ ಗುಂಪನ್ನು ಬಳಸಿಕೊಂಡು ನಡುವಿನವರನ್ನು ಒಲಿಸಿಕೊಳ್ಳುವವನೇ ಗೆಲ್ಲುತ್ತಾನೆ. ಹೋರಾಟ ನಡೆಯುತ್ತಿರುವುದು ಬೆಟ್ಟಕ್ಕಾಗಿ, ಸೇತುವೆಗಾಗಿ ಅಲ್ಲ. ಆ ನಡುವಿನ ಜನಕ್ಕಾಗಿ. ಥಾಂಪ್ಸನ್ ಇದಕ್ಕೆ ಇನ್ನಷ್ಟು ಸೇರಿಸಿದರು. ಸರ್ಕಾರಕ್ಕೆ ಸ್ಪಷ್ಟ ರಾಜಕೀಯ ಗುರಿ ಇರಬೇಕು, ಅದು ಕಾನೂನಿನ ಚೌಕಟ್ಟಿನೊಳಗೇ ನಡೆಯಬೇಕು, ಗೆರಿಲ್ಲಾಗಳಿಗಿಂತ ಅವರ ಗುಪ್ತ ರಾಜಕೀಯ ಸಂಘಟನೆಯನ್ನು ಮುರಿಯುವುದಕ್ಕೆ ಆದ್ಯತೆ ಸಿಗಬೇಕು.

ಓದಲು ಎಲ್ಲವೂ ಸೊಗಸಾಗಿದೆ. ಆದರೆ ಜನರನ್ನು 'ಗೆಲ್ಲುವುದು' ಎಂದರೆ ನೆಲದ ಮೇಲೆ ಏನು ಮಾಡುವುದು ಎಂಬಲ್ಲಿ ಸಿದ್ಧಾಂತ ಕವಲೊಡೆಯುತ್ತದೆ. ಮೀನು ಮತ್ತು ನೀರಿನ ಮಾತನ್ನೇ ಮುಂದುವರಿಸುವುದಾದರೆ, ನೀರಿಗೆ ಮೀನು ಬೇಡವೆನಿಸುವಂತೆ ಮಾಡುವುದು ಒಂದು ದಾರಿ. ನೀರನ್ನೇ ಬೇರೆಡೆಗೆ ಹರಿಸಿ ಮೀನನ್ನು ಒಣಗಿಸುವುದು ಇನ್ನೊಂದು. ಮೊದಲನೆಯದು ಭಾಷಣಗಳಲ್ಲಿ ಹೆಚ್ಚು ಕಾಣಿಸಿಕೊಂಡಿತು, ಎರಡನೆಯದು ಆದೇಶಗಳಲ್ಲಿ. ಇದು ಹೊಸ ಉಪಾಯವೂ ಆಗಿರಲಿಲ್ಲ. 1896ರಲ್ಲಿ ಕ್ಯೂಬಾದಲ್ಲಿ ಸ್ಪೇನ್, 1900ರಿಂದ 1902ರ ನಡುವೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಬ್ರಿಟನ್ ಗ್ರಾಮೀಣ ಜನರನ್ನು ಶಿಬಿರಗಳಿಗೆ ತಳ್ಳಿದ್ದವು. ಆ ಶಿಬಿರಗಳಲ್ಲಿ ಸತ್ತವರಲ್ಲಿ ಮಕ್ಕಳೇ ಹೆಚ್ಚು.

ಮಲಯ: ಎಲ್ಲರೂ ಉಲ್ಲೇಖಿಸುವ ಪಾಠ

ಬಂಡಾಯ ನಿಗ್ರಹದ ಯಾವುದೇ ಚರ್ಚೆ ಮಲಯವನ್ನು ಮುಟ್ಟದೆ ಮುಗಿಯುವುದಿಲ್ಲ. ಇಂದಿನ ಮಲೇಷ್ಯಾದ ಪರ್ಯಾಯ ದ್ವೀಪ ಭಾಗ ಆಗ ಬ್ರಿಟಿಷರ ಅಧೀನದಲ್ಲಿತ್ತು. 1948ರ ಜೂನ್‌ನಲ್ಲಿ ಪೆರಾಕ್ ಪ್ರಾಂತ್ಯದಲ್ಲಿ ಮೂವರು ಐರೋಪ್ಯ ತೋಟಗಾರರ ಹತ್ಯೆಯಾದ ಬೆನ್ನಲ್ಲೇ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಎದುರಾಳಿ ಚಿನ್ ಪೆಂಗ್ ನೇತೃತ್ವದ ಮಲಯ ಕಮ್ಯುನಿಸ್ಟ್ ಪಕ್ಷ. ಅದರ ಗೆರಿಲ್ಲಾಗಳ ಸಂಖ್ಯೆ ಉತ್ತುಂಗದಲ್ಲಿದ್ದಾಗಲೂ ಸುಮಾರು ಎಂಟು ಸಾವಿರ. ಆದರೆ ಕಾಡಿನಂಚಿನಲ್ಲಿ ಸರ್ಕಾರಿ ಭೂಮಿ ಒತ್ತುವರಿ ಮಾಡಿ ಬದುಕುತ್ತಿದ್ದ ಚೀನೀ ಮೂಲದ ಸುಮಾರು ಐದು ಲಕ್ಷ ಜನ ಅವರಿಗೆ ಅಕ್ಕಿ, ಔಷಧ, ಹಣ ಒದಗಿಸುವ ಜಾಲವಾಗಿದ್ದರು. ಕೆಲವರು ಮನಸಾರೆ, ಕೆಲವರು ಹೆದರಿ. ಹೆಚ್ಚಿನವರಿಗೆ ಬೇರೆ ದಾರಿಯಿರಲಿಲ್ಲ.

ಆರಂಭದ ಎರಡು ವರ್ಷ ಸೇನೆ ಕಾಡು ಸೋಸುವುದರಲ್ಲೇ ಕಳೆಯಿತು. 1948ರ ಡಿಸೆಂಬರ್‌ನಲ್ಲಿ ಬತಾಂಗ್ ಕಾಲಿ ಎಂಬಲ್ಲಿ ಬ್ರಿಟಿಷ್ ಸೈನಿಕರು 24 ಮಂದಿ ನಿರಾಯುಧ ಗ್ರಾಮಸ್ಥರನ್ನು ಗುಂಡಿಟ್ಟು ಕೊಂದರು. ಈ ಪ್ರಕರಣ ಬ್ರಿಟನ್‌ನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು; ಹೊಸ ತನಿಖೆಗೆ ಆದೇಶಿಸಲು ಅದು 2015ರಲ್ಲಿ ನಿರಾಕರಿಸಿತು.

1950ರಲ್ಲಿ ಕಾರ್ಯಾಚರಣೆಯ ನಿರ್ದೇಶಕರಾಗಿ ಬಂದವರು ಲೆಫ್ಟಿನೆಂಟ್ ಜನರಲ್ ಹೆರಾಲ್ಡ್ ಬ್ರಿಗ್ಸ್. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯ 5ನೇ ಡಿವಿಷನ್ ಅನ್ನು ಬರ್ಮಾ ರಣರಂಗದಲ್ಲಿ ಮುನ್ನಡೆಸಿದ್ದವರು ಅವರು. ಬ್ರಿಗ್ಸ್ ಯೋಜನೆಯ ತಿರುಳು ಇಷ್ಟೇ: ಗೆರಿಲ್ಲಾನನ್ನು ಬೆನ್ನಟ್ಟಬೇಡಿ, ಅವನ ಅಕ್ಕಿಯನ್ನು ತಡೆಯಿರಿ. ಐದು ಲಕ್ಷ ಒತ್ತುವರಿದಾರರನ್ನು ನಾನೂರಕ್ಕೂ ಹೆಚ್ಚು 'ಹೊಸ ಹಳ್ಳಿ'ಗಳಿಗೆ ಸ್ಥಳಾಂತರಿಸಲಾಯಿತು. ಸುತ್ತ ಮುಳ್ಳುತಂತಿ, ದ್ವಾರದಲ್ಲಿ ತಪಾಸಣೆ, ರಾತ್ರಿ ಕರ್ಫ್ಯೂ. ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಕಾರರ ಮನೆಗಳನ್ನೂ ಹೀಗೆಯೇ ಒಟ್ಟುಗೂಡಿಸಲಾಯಿತು. ಕೆಲವೆಡೆ ಅಕ್ಕಿಯನ್ನು ಸಾರ್ವಜನಿಕ ಅಡುಗೆಮನೆಯಲ್ಲಿ ಬೇಯಿಸಿಯೇ ವಿತರಿಸಲಾಗುತ್ತಿತ್ತು. ಬಿಸಿಲ ನಾಡಿನಲ್ಲಿ ಬೆಂದ ಅನ್ನ ಕಾಡಿಗೆ ತಲುಪುವ ಹೊತ್ತಿಗೆ ಹಳಸಿರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅಂಗಡಿಯಲ್ಲಿ ಡಬ್ಬಿ ಆಹಾರ ಮಾರುವಾಗಲೂ ಡಬ್ಬಿಗೆ ತೂತು ಹೊಡೆದೇ ಕೊಡಬೇಕಿತ್ತು.

1951ರ ಅಕ್ಟೋಬರ್‌ನಲ್ಲಿ ಹೈಕಮಿಷನರ್ ಹೆನ್ರಿ ಗರ್ನಿ ಅವರೇ ಹೊಂಚುದಾಳಿಗೆ ಬಲಿಯಾದರು. ಮರುವರ್ಷದ ಫೆಬ್ರುವರಿಯಲ್ಲಿ ಬಂದ ಜನರಲ್ ಜೆರಾಲ್ಡ್ ಟೆಂಪ್ಲರ್ ಆಡಳಿತ, ಸೇನೆ ಎರಡರ ಅಧಿಕಾರವನ್ನೂ ಒಬ್ಬರೇ ವಹಿಸಿಕೊಂಡರು. ಹೆಚ್ಚು ಸೈನಿಕರನ್ನು ಕಾಡಿಗೆ ಸುರಿಯುವುದರಿಂದ ಸಮಸ್ಯೆ ಬಗೆಹರಿಯದು, ಜನರ ಹೃದಯ ಗೆಲ್ಲುವುದೇ ಪರಿಹಾರ ಎಂಬ ಮಾತು ಪ್ರಸಿದ್ಧವಾದದ್ದು ಅವರಿಂದಲೇ. ಆದರೆ ಅದೇ ಟೆಂಪ್ಲರ್, ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ತಂಜೋಂಗ್ ಮಾಲಿಮ್ ಪಟ್ಟಣದ ಮೇಲೆ ದಿನಕ್ಕೆ 22 ತಾಸಿನ ಕರ್ಫ್ಯೂ ಹೇರಿದರು. ಅಕ್ಕಿ ಪಡಿತರ ಕಡಿತಗೊಳಿಸಿದರು. ಸಮೀಪದಲ್ಲಿ ನಡೆದ ಹೊಂಚುದಾಳಿಯ ಬಗ್ಗೆ ಪಟ್ಟಣದವರು ಬಾಯಿ ಬಿಡುತ್ತಿಲ್ಲ ಎಂಬುದು ಕಾರಣ. ಪ್ರತಿ ಮನೆಗೂ ಪ್ರಶ್ನಾವಳಿ ಹಂಚಿ, ತುಂಬಿದ ಹಾಳೆಗಳನ್ನು ಮೊಹರು ಹಾಕಿದ ಪೆಟ್ಟಿಗೆಗಳಲ್ಲಿ ಸಂಗ್ರಹಿಸಲಾಯಿತು. ಯಾರು ಏನು ಬರೆದರೆಂದು ನೆರೆಯವನಿಗೂ ತಿಳಿಯಬಾರದು ಎಂಬ ಎಚ್ಚರಿಕೆ ಅದು. ಬಂಧನಗಳು ನಡೆದವು, ನಂತರ ಕರ್ಫ್ಯೂ ತೆರವಾಯಿತು. ಹೃದಯ ಗೆಲ್ಲುವ ಆ ನುಡಿಗಟ್ಟನ್ನು ಕೇಳಿದರೆ ವಾಕರಿಕೆ ಬರುತ್ತದೆ ಎಂಬರ್ಥದ ಮಾತನ್ನು ಮುಂದೆ ಟೆಂಪ್ಲರ್ ಅವರೇ ಆಡಿದ್ದುಂಟು.

ಹಾಗಾದರೆ ಮಲಯದಲ್ಲಿ ಬ್ರಿಟಿಷರು ಗೆದ್ದದ್ದು ಮುಳ್ಳುತಂತಿಯಿಂದಲೇ? ಅಷ್ಟು ಮಾತ್ರ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಒತ್ತುವರಿದಾರರಿಗೆ ಸ್ವಂತ ಭೂಮಿ ಇರಲಿಲ್ಲ; ಹೊಸ ಹಳ್ಳಿಗಳಲ್ಲಿ ಕಾಲಕ್ರಮೇಣ ಕೆಲವರಿಗಾದರೂ ಹಕ್ಕುಪತ್ರ ದೊರೆಯಿತು, ಶಾಲೆ ಬಂತು, ಔಷಧಾಲಯ ಬಂತು. ಕೊರಿಯಾ ಯುದ್ಧದಿಂದಾಗಿ ರಬ್ಬರ್ ಹಾಗೂ ತವರದ ಬೆಲೆ ಏರಿ ಖಜಾನೆಯೂ ತುಂಬಿತ್ತು, ಕೂಲಿಯೂ ಸಿಗುತ್ತಿತ್ತು. ಬಂಡಾಯದ ನೆಲೆ ಬಹುಪಾಲು ಚೀನೀ ಸಮುದಾಯಕ್ಕೆ ಸೀಮಿತವಾಗಿದ್ದರಿಂದ ಮಲಯರು ಅದರಿಂದ ದೂರ ಉಳಿದರು. ಇವೆಲ್ಲಕ್ಕಿಂತ ಮುಖ್ಯವಾಗಿ ಸ್ವಾತಂತ್ರ್ಯದ ಭರವಸೆಯಿತ್ತು. 1955ರಲ್ಲಿ ಚುನಾವಣೆ ನಡೆಯಿತು. 1957ರ ಆಗಸ್ಟ್ 31ರಂದು ಮಲಯ ಸ್ವತಂತ್ರವಾಯಿತು. ವಸಾಹತುಶಾಹಿಯ ವಿರುದ್ಧ ಹೋರಾಡುತ್ತಿದ್ದೇವೆ ಎನ್ನುತ್ತಿದ್ದ ಗೆರಿಲ್ಲಾಗಳಿಗೆ ಆ ಬಳಿಕ ಹೇಳಿಕೊಳ್ಳಲು ಕಾರಣವೇ ಉಳಿಯಲಿಲ್ಲ. 1960ರ ಜುಲೈ 31ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಈ 12 ವರ್ಷಗಳಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಗೆರಿಲ್ಲಾಗಳು, 1,800ಕ್ಕೂ ಹೆಚ್ಚು ಭದ್ರತಾ ಸಿಬ್ಬಂದಿ, ಸುಮಾರು 2,500 ನಾಗರಿಕರು ಸತ್ತಿದ್ದರು.

ಪಾಠ ಕಲಿತವರು ಮುಳ್ಳುತಂತಿಯನ್ನು ನಕಲು ಮಾಡಿದರು. ಹಕ್ಕುಪತ್ರ ಮತ್ತು ಸ್ವಾತಂತ್ರ್ಯವನ್ನು ನಕಲು ಮಾಡುವುದು ಅಷ್ಟು ಸುಲಭವಿರಲಿಲ್ಲ.

ಆಲ್ಜೀರಿಯಾ, ವಿಯೆಟ್ನಾಂ

ಆಲ್ಜೀರಿಯಾದಲ್ಲಿ ಫ್ರೆಂಚ್ ಸೇನೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಮಸ್ಥರನ್ನು 'ಮರುಜೋಡಣೆ' ಶಿಬಿರಗಳಿಗೆ ಸಾಗಿಸಿತು. ಮುಂದೆ ಫ್ರಾನ್ಸ್‌ನ ಪ್ರಧಾನಿಯಾದ ಮಿಶೆಲ್ ರೊಕಾರ್ 1959ರಲ್ಲಿ ಯುವ ಅಧಿಕಾರಿಯಾಗಿ ಈ ಶಿಬಿರಗಳನ್ನು ಸುತ್ತಿ, ಅಲ್ಲಿನ ಹಸಿವು ಮತ್ತು ಶಿಶುಮರಣದ ಕುರಿತು ಬರೆದ ವರದಿ ಪತ್ರಿಕೆಗಳಿಗೆ ಸೋರಿ ಪ್ಯಾರಿಸ್‌ನಲ್ಲಿ ಕೋಲಾಹಲವೆದ್ದಿತು. ರಾಜಧಾನಿ ಆಲ್ಜಿಯರ್ಸ್‌ನಲ್ಲಿ 1957ರಲ್ಲಿ ಚಿತ್ರಹಿಂಸೆಯ ಮೂಲಕ ಬಂಡುಕೋರರ ಜಾಲವನ್ನು ಮುರಿಯಲಾಯಿತು. ಸೇನೆ ಗೆದ್ದಿತ್ತು. ಆದರೆ 1962ರಲ್ಲಿ ಫ್ರಾನ್ಸ್ ಆಲ್ಜೀರಿಯಾವನ್ನು ಬಿಟ್ಟು ಹೊರಟಿತು. ಗಲೂಲಾ ತಮ್ಮ ಸಿದ್ಧಾಂತವನ್ನು ಬರೆದದ್ದು ಈ ಸೋಲಿನ ನಂತರ, ಅಮೆರಿಕದಲ್ಲಿ ಕುಳಿತು ಎಂಬುದನ್ನು ಮರೆಯುವಂತಿಲ್ಲ.

ದಕ್ಷಿಣ ವಿಯೆಟ್ನಾಂನಲ್ಲಿ ಅಧ್ಯಕ್ಷ ಎಂಗೊ ದಿನ್ ಡಿಯೆಮ್ 1962ರಲ್ಲಿ ಅಮೆರಿಕದ ನೆರವಿನಿಂದ ಆರಂಭಿಸಿದ ವ್ಯೂಹಾತ್ಮಕ ಗ್ರಾಮಗಳ ಯೋಜನೆಗೆ ಸಲಹೆಗಾರರಾಗಿದ್ದವರು ಇದೇ ರಾಬರ್ಟ್ ಥಾಂಪ್ಸನ್. ಆದರೆ ಅಲ್ಲಿನ ರೈತ ಒತ್ತುವರಿದಾರನಾಗಿರಲಿಲ್ಲ. ಅವನ ಗದ್ದೆಯ ಪಕ್ಕದಲ್ಲೇ ಅವನ ಪೂರ್ವಜರ ಸಮಾಧಿಗಳಿದ್ದವು. ಕಿತ್ತು ತಂದು ನೆಟ್ಟವನಿಗೆ ಸರ್ಕಾರದ ಮೇಲೆ ಪ್ರೀತಿ ಹುಟ್ಟಲಿಲ್ಲ. ಯೋಜನೆಯೂ ಅವಸರದಲ್ಲಿ, ಸಂಖ್ಯೆ ತೋರಿಸುವ ಭರದಲ್ಲಿ ನಡೆಯಿತು. 1963ರ ನವೆಂಬರ್‌ನಲ್ಲಿ ಡಿಯೆಮ್ ಹತ್ಯೆಯಾದ ಮೇಲೆ ಅದು ಕುಸಿದು ಬಿತ್ತು.

ಮಿಜೋ ಬೆಟ್ಟಗಳಲ್ಲಿ

ಈಗ ಮತ್ತೆ ದಾರ್ಜೊ ಕಡೆಗೆ. 1959ರಲ್ಲಿ ಮಿಜೋ ಬೆಟ್ಟಗಳಲ್ಲಿ ಬಿದಿರು ಹೂ ಬಿಟ್ಟಿತು. ಇಲಿಗಳ ಸಂತತಿ ಹೆಚ್ಚಿ ಬೆಳೆ ನಾಶವಾಗಿ ಕ್ಷಾಮ ಬಂತು. ಸ್ಥಳೀಯರು ಇದನ್ನು ಮೌತಾಮ್ ಎನ್ನುತ್ತಾರೆ. ಅಂದಿನ ಅಸ್ಸಾಂ ಸರ್ಕಾರ ನೆರವಿಗೆ ಧಾವಿಸಲಿಲ್ಲ ಎಂಬ ಸಿಟ್ಟಿನಿಂದ ಹುಟ್ಟಿಕೊಂಡ ಕ್ಷಾಮ ಪರಿಹಾರ ಸಂಘಟನೆಯೇ 1961ರಲ್ಲಿ ಲಾಲ್‌ಡೆಂಗಾ ನಾಯಕತ್ವದಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರುವರಿ ಕೊನೆಯಲ್ಲಿ ಅದು ಸಶಸ್ತ್ರ ದಂಗೆ ಎದ್ದು ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿತು. ಮಾರ್ಚ್ 5ರಂದು ವಾಯುಪಡೆಯ ವಿಮಾನಗಳು ಐಜ್ವಾಲ್ ಮೇಲೆ ದಾಳಿ ನಡೆಸಿದವು. ಸ್ವತಂತ್ರ ಭಾರತ ತನ್ನದೇ ನೆಲದ ಮೇಲೆ ಹೀಗೆ ಬಾಂಬ್ ಹಾಕಿದ ನಿದರ್ಶನ ಇನ್ನೊಂದಿಲ್ಲ. ದಶಕಗಳ ಕಾಲ ಇದು ರಾಷ್ಟ್ರಮಟ್ಟದಲ್ಲಿ ಹೆಚ್ಚಾಗಿ ಪ್ರಸ್ತಾಪವಾಗಲೇ ಇಲ್ಲ. 2023ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಲೋಕಸಭೆಯಲ್ಲಿ ಪ್ರಸ್ತಾಪಿಸಿದಾಗ ಬಹಳಷ್ಟು ಮಂದಿಗೆ ಅದು ಹೊಸ ಸುದ್ದಿಯೇ ಆಗಿತ್ತು. ಮಿಜೋರಾಂನಲ್ಲಿ ಮಾತ್ರ ಯಾರೂ ಮರೆತಿರಲಿಲ್ಲ.

ಪಟ್ಟಣಗಳು ಸೇನೆಯ ವಶಕ್ಕೆ ಬಂದವು, ಬಂಡುಕೋರರು ಹಳ್ಳಿಗಳಿಗೂ ಗಡಿಯಾಚೆಯ ಪೂರ್ವ ಪಾಕಿಸ್ತಾನಕ್ಕೂ ಸರಿದರು. ಪೂರ್ವ ಕಮಾಂಡ್‌ನ ಮುಖ್ಯಸ್ಥರಾಗಿದ್ದವರು ಆಗ ಲೆಫ್ಟಿನೆಂಟ್ ಜನರಲ್ ಸ್ಯಾಮ್ ಮಾಣೆಕ್‌ಶಾ. 1967ರ ಜನವರಿಯಲ್ಲಿ ಗ್ರಾಮಗಳ ಒಗ್ಗೂಡಿಸುವಿಕೆ ಆರಂಭವಾಯಿತು. ಸಿಲ್ಚಾರ್‌ನಿಂದ ಐಜ್ವಾಲ್ ಮೂಲಕ ಲುಂಗ್ಲೈಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಮೊದಲ ಹಂತ. ಹೊಸ ನೆಲೆಗಳಿಗೆ ಇಟ್ಟ ಹೆಸರು 'ಸಂರಕ್ಷಿತ ಮತ್ತು ಪ್ರಗತಿಪರ ಗ್ರಾಮ'. ಕಾರ್ಯಕ್ರಮ ಹಂತಹಂತವಾಗಿ ಮುಗಿಯುವ ವೇಳೆಗೆ 764 ಹಳ್ಳಿಗಳ ಪೈಕಿ ಐನೂರಕ್ಕೂ ಹೆಚ್ಚು ತೆರವಾಗಿ 110 ಕೇಂದ್ರಗಳಲ್ಲಿ ತುಂಬಿಕೊಂಡಿದ್ದವು. ಗ್ರಾಮೀಣ ಜನಸಂಖ್ಯೆಯ ಶೇ. 80ರಷ್ಟು ಮಂದಿ ಸ್ಥಳಾಂತರಗೊಂಡಿದ್ದರು. ಪ್ರಮಾಣದ ದೃಷ್ಟಿಯಿಂದ ಮಲಯವನ್ನೂ ಮೀರಿಸಿದ ಕಾರ್ಯಾಚರಣೆ ಇದು. ಮಲಯದಲ್ಲಿ ಸ್ಥಳಾಂತರವಾದದ್ದು ಮುಖ್ಯವಾಗಿ ಒಂದು ಸಮುದಾಯದ ಒಂದು ಭಾಗ. ಇಲ್ಲಿ ಹೆಚ್ಚುಕಡಿಮೆ ಇಡೀ ಗ್ರಾಮ ಸಮಾಜ.

ಪಾಠಪುಸ್ತಕದಿಂದ ನೆಲಕ್ಕೆ ಇಳಿದಾಗ ಏನೇನು ಕೈತಪ್ಪುತ್ತದೆ ಎಂಬುದಕ್ಕೆ ಮಿಜೋರಾಂನ ಝೂಮ್ ಬೇಸಾಯವೇ ಸಾಕ್ಷಿ. ಝೂಮ್ ಎಂದರೆ ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು ಸುಟ್ಟು ಬಿತ್ತಿ, ಕೆಲವು ವರ್ಷ ಬಿಟ್ಟು ಬೇರೆಡೆಗೆ ಹೋಗುವ ಪದ್ಧತಿ. ನಮ್ಮ ಮಲೆನಾಡಿನ ಕುಮರಿ ಬೇಸಾಯವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಅದಕ್ಕೆ ವಿಸ್ತಾರವಾದ ನೆಲ ಬೇಕು, ಹಳ್ಳಿಗಳು ದೂರದೂರ ಇರಬೇಕು. ಹತ್ತಾರು ಹಳ್ಳಿಗಳನ್ನು ರಸ್ತೆಬದಿಗೆ ತಂದು ತುಂಬಿದಾಗ ಹತ್ತಿರದ ಇಳಿಜಾರುಗಳು ಬೇಗ ಬರಿದಾದವು. ದೂರದ ಹೊಲಕ್ಕೆ ಬೆಳಿಗ್ಗೆ ಗುರುತಿನ ಚೀಟಿ ತೋರಿಸಿ ಹೊರಟು ಕತ್ತಲಾಗುವ ಮುನ್ನ ಮರಳಬೇಕಿತ್ತು. ಹೊಲದ ಗುಡಿಸಲಿನಲ್ಲಿ ತಂಗಿ ಕಾಡುಹಂದಿ ಕಾಯುವಂತಿರಲಿಲ್ಲ. ಇಳುವರಿ ಕುಸಿಯಿತು. ಕ್ಷಾಮದ ನೋವಿನಿಂದ ಹುಟ್ಟಿದ ಬಂಡಾಯವನ್ನು ಹತ್ತಿಕ್ಕಲು ಹೋಗಿ ಜನರನ್ನು ಸರ್ಕಾರಿ ಪಡಿತರದ ಸಾಲಿನಲ್ಲಿ ನಿಲ್ಲಿಸಿದಂತಾಯಿತು.

ಸೇನೆಯ ದೃಷ್ಟಿಯಿಂದ ಯೋಜನೆ ವಿಫಲವಾಯಿತೆನ್ನಲಾಗದು. ಹೆದ್ದಾರಿ ಸುರಕ್ಷಿತವಾಯಿತು, ಬಂಡುಕೋರರಿಗೆ ಅನ್ನ ಸಿಗುವುದು ಕಷ್ಟವಾಯಿತು. 1971ರಲ್ಲಿ ಬಾಂಗ್ಲಾದೇಶ ಉದಯವಾದಾಗ ಅವರ ಪ್ರಮುಖ ಆಶ್ರಯತಾಣವೂ ಕೈತಪ್ಪಿತು. ಆದರೂ ಬಂಡಾಯ ಮುಗಿಯಲು ಇನ್ನೂ 15 ವರ್ಷ ಬೇಕಾಯಿತು. ಅದನ್ನು ಮುಗಿಸಿದ್ದು 1986ರ ಜೂನ್ 30ರ ಮಿಜೋ ಒಪ್ಪಂದ. ದೇಶದ ವಿರುದ್ಧ ಬಂದೂಕು ಹಿಡಿದಿದ್ದ ಲಾಲ್‌ಡೆಂಗಾ ಅದೇ ವರ್ಷ ಮುಖ್ಯಮಂತ್ರಿಯಾದರು. 1987ರ ಫೆಬ್ರುವರಿ 20ರಂದು ಮಿಜೋರಾಂ ಪೂರ್ಣ ಪ್ರಮಾಣದ ರಾಜ್ಯವಾಯಿತು. ಅಂದಿನಿಂದ ಅಲ್ಲಿ ಆ ಬಂಡಾಯ ಮರುಕಳಿಸಿಲ್ಲ. ಒಗ್ಗೂಡಿಸಿದ ಗ್ರಾಮಗಳಲ್ಲಿ ಬೆಳೆದ ಮಕ್ಕಳು ಆ ವೇಳೆಗೆ ಮದುವೆಯ ವಯಸ್ಸಿಗೆ ಬಂದಿದ್ದರು. ಸೇನೆಗೆ ಕಾಡು ಮತ್ತು ಬಂಡಾಯ ಸಮರದ ತರಬೇತಿ ನೀಡುವ ಪ್ರಸಿದ್ಧ ಶಾಲೆ ಇರುವುದೂ ಇದೇ ರಾಜ್ಯದ ವೈರೆಂಗ್ಟೆಯಲ್ಲಿ. ವಿದೇಶಿ ಸೈನಿಕರೂ ಅಲ್ಲಿ ತರಬೇತಿ ಪಡೆದಿದ್ದಾರೆ.

ಅಮೆರಿಕದಲ್ಲಿ ಮರುಜನ್ಮ

1967ರಲ್ಲೇ ತೀರಿಕೊಂಡ ಗಲೂಲಾ ಅವರನ್ನು ಜಗತ್ತು ಬಹುಮಟ್ಟಿಗೆ ಮರೆತಿತ್ತು. ಇರಾಕ್‌ನಲ್ಲಿ ಸಿಲುಕಿದ ಅಮೆರಿಕದ ಸೇನೆ ಅವರನ್ನು ಮತ್ತೆ ಹುಡುಕಿ ತೆಗೆಯಿತು. 2006ರ ಡಿಸೆಂಬರ್‌ನಲ್ಲಿ ಜನರಲ್ ಡೇವಿಡ್ ಪೆಟ್ರೇಯಸ್ ಮತ್ತು ಜೇಮ್ಸ್ ಏಮಸ್ ಅವರ ನೇತೃತ್ವದಲ್ಲಿ ಹೊರಬಂದ ಬಂಡಾಯ ನಿಗ್ರಹ ಕೈಪಿಡಿ ಗಲೂಲಾ ಮತ್ತು ಥಾಂಪ್ಸನ್ ಚಿಂತನೆಯ ಆಧಾರದ ಮೇಲೆ ನಿಂತಿತ್ತು. ಜನರ ರಕ್ಷಣೆಯೇ ಮೊದಲ ಆದ್ಯತೆ. ಪ್ರತಿ ಸಾವಿರ ನಿವಾಸಿಗಳಿಗೆ 20 ಭದ್ರತಾ ಸಿಬ್ಬಂದಿ ಬೇಕು ಎಂಬ ಅಳತೆಗೋಲೂ ಅದರಲ್ಲಿತ್ತು. ಸೇನೆಯ ಕೈಪಿಡಿಯೊಂದನ್ನು ವಿಶ್ವವಿದ್ಯಾಲಯವೊಂದರ ಮುದ್ರಣಾಲಯ ಪ್ರಕಟಿಸಿ ಅಂಗಡಿಗಳಲ್ಲಿ ಮಾರಿದ್ದು ಅಪರೂಪದ ಸಂಗತಿ.

2007ರಲ್ಲಿ ಸುಮಾರು 30 ಸಾವಿರ ಹೆಚ್ಚುವರಿ ಸೈನಿಕರು ಇರಾಕ್‌ಗೆ ಬಂದರು, ಹಿಂಸಾಚಾರ ಇಳಿಯಿತು. ಶ್ರೇಯ ಕೈಪಿಡಿಗೆ ಸಂದಿತು. ಆದರೆ ಅಷ್ಟರಲ್ಲಾಗಲೇ ಅನ್ಬರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳ ಮುಖಂಡರು ಅಲ್ ಖೈದಾದ ದರ್ಪದಿಂದ ಬೇಸತ್ತು ಅಮೆರಿಕನ್ನರ ಜತೆ ಕೈಜೋಡಿಸಿದ್ದರು. ಮೊನ್ನೆಯವರೆಗೆ ಅಮೆರಿಕನ್ನರ ಮೇಲೆ ಗುಂಡು ಹಾರಿಸುತ್ತಿದ್ದವರನ್ನೂ ಒಳಗೊಂಡ ಸುಮಾರು ಒಂದು ಲಕ್ಷ ಮಂದಿ ಸಂಬಳದ ಕಾವಲು ಪಡೆಗಳಿಗೆ ಸೇರಿದರು. ಇದನ್ನು ಹೃದಯ ಗೆದ್ದದ್ದು ಎನ್ನಬೇಕೋ ಒಪ್ಪಂದ ಎನ್ನಬೇಕೋ? ಬಾಗ್ದಾದ್ ಸರ್ಕಾರ ಮುಂದೆ ಆ ಪಡೆಗಳಿಗೆ ಕೊಟ್ಟ ಭರವಸೆಗಳನ್ನು ಪೂರ್ತಿ ಉಳಿಸಿಕೊಳ್ಳಲಿಲ್ಲ. 2014ರ ಜೂನ್‌ನಲ್ಲಿ ಐಸಿಸ್ ಮೊಸುಲ್ ನಗರವನ್ನು ಹಿಡಿದಾಗ ಅದರ ಬೆಲೆ ಏನೆಂದು ಗೊತ್ತಾಯಿತು.

ಆಫ್ಘಾನಿಸ್ತಾನದ ಕತೆ ಇನ್ನೂ ಚಿಕ್ಕದು. 2010ರ ಫೆಬ್ರುವರಿಯಲ್ಲಿ ಹೆಲ್ಮಂಡ್ ಪ್ರಾಂತ್ಯದ ಮಾರ್ಜಾದಿಂದ ತಾಲಿಬಾನನ್ನು ಓಡಿಸಿದ ಕೂಡಲೇ ಸಿದ್ಧಪಡಿಸಿಟ್ಟ ಸರ್ಕಾರವೊಂದನ್ನು ಡಬ್ಬಿಯಿಂದ ತೆಗೆದಂತೆ ಅಲ್ಲಿ ಸ್ಥಾಪಿಸುವುದಾಗಿ ಜನರಲ್ ಸ್ಟಾನ್ಲಿ ಮೆಕ್‌ಕ್ರಿಸ್ಟಲ್ ಹೇಳಿದ್ದರು. ಜನ ಬಯಸುವಂಥ ಆಡಳಿತ ಡಬ್ಬಿಯಲ್ಲಿರಲಿಲ್ಲ. ಹಗಲು ಅಮೆರಿಕನ್ನರೊಂದಿಗೆ ಮಾತನಾಡಿದ ಅಂಗಡಿಯವನ ಬಾಗಿಲನ್ನು ರಾತ್ರಿ ತಾಲಿಬಾನ್ ತಟ್ಟುತ್ತಿತ್ತು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಪ್ರವೇಶಿಸಿತು.

ಈ ಸಿದ್ಧಾಂತದ ಬುಡಕ್ಕೇ ಕೈಹಾಕಿದ ವಿದ್ವಾಂಸರೂ ಇದ್ದಾರೆ. ಗ್ರೀಕ್ ಮೂಲದ ರಾಜಕೀಯ ಶಾಸ್ತ್ರಜ್ಞ ಸ್ಟಾಥಿಸ್ ಕಲಿವಾಸ್ ಅಂತರ್ಯುದ್ಧಗಳ ಹಿಂಸೆಯ ಕುರಿತ ತಮ್ಮ 2006ರ ಗ್ರಂಥದಲ್ಲಿ, ಬೆಂಬಲದಿಂದ ಹಿಡಿತ ಹುಟ್ಟುವುದಕ್ಕಿಂತ ಹಿಡಿತದಿಂದ ಬೆಂಬಲ ಹುಟ್ಟುವುದೇ ಹೆಚ್ಚು ಎಂದು ವಾದಿಸಿದರು. ನಾಳೆ ಬೆಳಿಗ್ಗೆ ಊರಿನಲ್ಲಿ ಯಾರಿರುತ್ತಾರೆ ಎಂಬ ಲೆಕ್ಕದ ಮೇಲೆ ಗ್ರಾಮಸ್ಥ ಬಾಯಿ ಬಿಡುತ್ತಾನೆ ಅಥವಾ ಮುಚ್ಚುತ್ತಾನೆ. 2021ರಲ್ಲಿ ಪ್ರಕಟವಾದ ಕೃತಿಯಲ್ಲಿ ಅಮೆರಿಕದ ಜಾಕ್ವೆಲಿನ್ ಹೇಜಲ್ಟನ್ ಇನ್ನೂ ಕಟುವಾಗಿ, ಯಶಸ್ವಿ ಎನ್ನಲಾದ ಕಾರ್ಯಾಚರಣೆಗಳಲ್ಲಿ ಕೆಲಸ ಮಾಡಿದ್ದು ಸುಧಾರಣೆಯಲ್ಲ, ಸ್ಥಳೀಯ ಪ್ರಬಲರ ಜತೆಗಿನ ಒಳಒಪ್ಪಂದ ಮತ್ತು ಜನರ ಮೇಲಿನ ಬಲಪ್ರಯೋಗ ಎಂದಿದ್ದಾರೆ. ಇದನ್ನು ಪೂರ್ತಿ ಒಪ್ಪಿದರೆ ಮಿಜೋರಾಂನ ಶಾಂತಿ ನಾಲ್ಕು ದಶಕ ಉಳಿದದ್ದು ಹೇಗೆ ಎಂಬುದನ್ನು ವಿವರಿಸುವುದು ಕಷ್ಟ. ಬಲದಿಂದ ಪಡೆದ ವಿಧೇಯತೆ ಆ ಬಲ ಇರುವವರೆಗೆ ಮಾತ್ರ ಇರುತ್ತದೆ. ಕಲಿವಾಸ್ ಅವರ ಮಾತಿನ ಇನ್ನೊಂದು ಮುಖವೂ ಅದೇ ಅಲ್ಲವೇ?

ಬಸ್ತರ್ ಮತ್ತು ಮಲೆನಾಡು

ಜನರನ್ನು ಬಂಡುಕೋರರಿಂದ ಬೇರ್ಪಡಿಸುವ ಪ್ರಯೋಗ ಭಾರತದಲ್ಲಿ ಮಿಜೋರಾಂಗೇ ನಿಲ್ಲಲಿಲ್ಲ. 2005ರಲ್ಲಿ ಛತ್ತೀಸ್‌ಗಢದ ಬಸ್ತರ್ ಪ್ರದೇಶದಲ್ಲಿ ಮಾವೊವಾದಿಗಳ ವಿರುದ್ಧ ಸಲ್ವಾ ಜುಡುಂ ಆರಂಭವಾಯಿತು. ಜನರ ಸ್ವಯಂಪ್ರೇರಿತ ಚಳವಳಿ ಎಂದು ಅದನ್ನು ಬಣ್ಣಿಸಲಾಯಿತು. ನೂರಾರು ಹಳ್ಳಿಗಳು ಖಾಲಿಯಾದವು. ಒಂದು ಭಾಗ ಜನ ರಸ್ತೆಬದಿಯ ಶಿಬಿರ ಸೇರಿದರೆ ಇನ್ನೊಂದು ಭಾಗ ಕಾಡಿಗೋ ಆಂಧ್ರಕ್ಕೋ ಓಡಿತು. ಆದಿವಾಸಿ ಯುವಕರನ್ನು ಅಲ್ಪ ತರಬೇತಿ ಕೊಟ್ಟು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ ಬಂದೂಕು ಕೊಡಲಾಯಿತು. ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್ ಮತ್ತಿತರರ ಅರ್ಜಿಯ ಮೇಲೆ 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಇದು ಸಂವಿಧಾನಬಾಹಿರ ಎಂದು ತೀರ್ಪು ನೀಡಿತು. ಅದೇ ವರ್ಷ ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದು ಆ ಯುವಕರನ್ನು ಸಹಾಯಕ ಸಶಸ್ತ್ರ ಪಡೆಗೆ ಸೇರಿಸಿಕೊಂಡಿತು. 2025ರ ಮೇ 21ರಂದು ಮಾವೊವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಹತರಾದ ಕಾರ್ಯಾಚರಣೆಯಲ್ಲಿ ಮುಂಚೂಣಿಯಲ್ಲಿದ್ದ ಡಿಸ್ಟ್ರಿಕ್ಟ್ ರಿಸರ್ವ್ ಗಾರ್ಡ್ ಪಡೆಯಲ್ಲೂ ಸ್ಥಳೀಯರು ಮತ್ತು ಶರಣಾದ ಮಾಜಿ ಮಾವೊವಾದಿಗಳೇ ಹೆಚ್ಚು.

ಅಂತರರಾಷ್ಟ್ರೀಯ ಕಾನೂನು ಈ ಬಗ್ಗೆ ಮೌನವಾಗಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಎರಡನೇ ಹೆಚ್ಚುವರಿ ಶಿಷ್ಟಾಚಾರದ 17ನೇ ವಿಧಿ, ಆಂತರಿಕ ಸಂಘರ್ಷಗಳಲ್ಲಿ ನಾಗರಿಕರನ್ನು ಅವರ ಸುರಕ್ಷತೆಗಾಗಿ ಅಥವಾ ಅನಿವಾರ್ಯ ಸೇನಾ ಕಾರಣಕ್ಕಾಗಿ ಹೊರತು ಸ್ಥಳಾಂತರಿಸಬಾರದು ಎನ್ನುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ದಾರ್ಜೊ ಹಿರಿಯರಿಂದ ಸಹಿ ಪಡೆದ ಕಾಗದಗಳ ಭಾಷೆಯನ್ನೂ ಈ ವಿಧಿಯ ಭಾಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಸುರಕ್ಷತೆ ಎಂಬ ಪದ ಎಷ್ಟು ಹಿಗ್ಗಬಲ್ಲದು ಎಂಬುದು ಕಾಣುತ್ತದೆ.

ಕರ್ನಾಟಕ ಈ ಸಂಗತಿಯನ್ನು ಬಹಳ ಚಿಕ್ಕ ಪ್ರಮಾಣದಲ್ಲಿ ಕಂಡಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದಾಗ ಒಕ್ಕಲೆಬ್ಬಿಸುವ ಭೀತಿ ಅಲ್ಲಿನ ಮಲೆಕುಡಿಯ, ಗೌಡಲು ಮತ್ತಿತರ ಕುಟುಂಬಗಳಲ್ಲಿ ಹಬ್ಬಿತು. ನಕ್ಸಲೀಯರು ನೆಲೆ ಹುಡುಕಿದ್ದು ಆ ಭೀತಿಯಲ್ಲಿಯೇ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದು ಎಂಬಲ್ಲಿ ಇಬ್ಬರು ಯುವತಿಯರು, 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿದ್ದ ಮೀಸಲು ಪೊಲೀಸ್ ಶಿಬಿರದ ಮೇಲೆ ನಕ್ಸಲೀಯರು ದಾಳಿ ನಡೆಸಿ ಪೊಲೀಸರನ್ನು ಕೊಂದರು. ಮುಂದಿನ ವರ್ಷಗಳಲ್ಲಿ ಮಾಹಿತಿದಾರರೆಂಬ ಶಂಕೆಯ ಮೇಲೆ ಅವರ ಗುಂಡಿಗೆ ಗ್ರಾಮಸ್ಥರೂ ಬಲಿಯಾದರು. ಅಕ್ಕಿ ಕೇಳಿ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನಲಾಗದೆ, ಮರುದಿನ ಪೊಲೀಸರ ಪ್ರಶ್ನೆಗೆ ಉತ್ತರಿಸಲೂ ಆಗದೆ ತತ್ತರಿಸಿದ ಕಾಡಂಚಿನ ಮನೆಗಳ ಪಾಡು ತಂಜೋಂಗ್ ಮಾಲಿಮ್‌ನವರದಕ್ಕಿಂತ ಬೇರೆಯಾಗಿರಲಿಲ್ಲ.

ಇಲ್ಲಿ ಹಳ್ಳಿಗಳನ್ನು ಎತ್ತಂಗಡಿ ಮಾಡಿ ಮುಳ್ಳುತಂತಿ ಹಾಕುವ ಹಂತಕ್ಕೆ ಸರ್ಕಾರ ಹೋಗಲಿಲ್ಲ. ನಕ್ಸಲ್ ನಿಗ್ರಹ ಪಡೆಯ ಶೋಧದ ಜತೆಜತೆಗೆ ಶರಣಾಗತಿ ಮತ್ತು ಪುನರ್ವಸತಿ ಯೋಜನೆಯೂ ನಡೆಯಿತು. ನಾಗರಿಕ ಸಂಘಟನೆಗಳ ಪ್ರಮುಖರು ಮಧ್ಯಸ್ಥಿಕೆ ವಹಿಸಿದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿಯ ಪೀತಬೈಲಿನಲ್ಲಿ ವಿಕ್ರಂ ಗೌಡ ಹತ್ಯೆಯಾದ ನಂತರ ಉಳಿದವರೊಂದಿಗೆ ಮಾತುಕತೆ ಚುರುಕಾಯಿತು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮುಂದೆ ಶರಣಾದರು. ಫೆಬ್ರುವರಿಯ ಆರಂಭದಲ್ಲಿ ಇನ್ನಿಬ್ಬರು ಶರಣಾದ ಬಳಿಕ ರಾಜ್ಯ ನಕ್ಸಲ್ ಮುಕ್ತವಾಗಿದೆ ಎಂದು ಸರ್ಕಾರ ಹೇಳಿತು. ಆ ಹೊತ್ತಿಗೆ ಕುದುರೆಮುಖದ ಗಣಿ ಮುಚ್ಚಿ 19 ವರ್ಷ ಕಳೆದಿತ್ತು. ಉದ್ಯಾನದೊಳಗೆ ಉಳಿದುಕೊಂಡಿದ್ದ ಕುಟುಂಬಗಳ ಪುನರ್ವಸತಿ ಮತ್ತು ಪರಿಹಾರದ ಕಡತಗಳು ಆಗಲೂ ಇತ್ಯರ್ಥವಾಗಿರಲಿಲ್ಲ.